ಪುಣೆಯಲ್ಲಿ ವೈನರಿ ಶುರು ಮಾಡಲು ಎಷ್ಟು ದುಡ್ಡು ಬೇಕು? ದ್ರಾಕ್ಷಿಯಿಂದ ಬಾಟಲಿವರೆಗಿನ ಪೂರ್ತಿ ಲೆಕ್ಕ

ಪುಣೆಯ ಕನ್ನಡಿಗರಲ್ಲಿ ವೈನರಿ ಬಗ್ಗೆ ಕೇಳುವವರು ಎರಡು ಥರ. ಒಬ್ಬರು ಹಿಂಜೇವಾಡಿಯಲ್ಲೋ ಖರಾಡಿಯಲ್ಲೋ ಐಟಿ ಕೆಲಸ ಮಾಡಿ ನಾಲ್ಕು ಕಾಸು ಕೂಡಿಟ್ಟವರು. ಇನ್ನೊಬ್ಬರು ವಿಜಯಪುರದ ಕಡೆಯವರು, ಊರಲ್ಲಿ ದ್ರಾಕ್ಷಿ ತೋಟ ಇರುವವರು. ಇಬ್ಬರ ಮೊದಲ ಪ್ರಶ್ನೆಯೂ ಒಂದೇ: ಮೆಷಿನ್‌ಗೆ ಎಷ್ಟಾಗುತ್ತದೆ?

ಮೆಷಿನ್ ದುಡ್ಡು ಒಂದು ಸಲ ಕೊಟ್ಟರೆ ಮುಗಿಯಿತು. ಬ್ಯಾಂಕಿನವರು ಅದಕ್ಕೆ ಸಾಲವನ್ನೂ ಕೊಡುತ್ತಾರೆ. ವೈನರಿ ಎಡವುವುದು ಬೇರೆ ಕಡೆ. ಟ್ಯಾಂಕಿನಲ್ಲಿ, ಬಾಟಲಿಯಲ್ಲಿ, ಡಿಸ್ಟ್ರಿಬ್ಯೂಟರ್ ಗೋಡೌನಿನಲ್ಲಿ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಕೊಂಡಿರುತ್ತದೆ. ಅಷ್ಟರಲ್ಲಿ ಮುಂದಿನ ಸುಗ್ಗಿ ಬಂದು ಬಾಗಿಲು ತಟ್ಟುತ್ತದೆ. ರೈತರಿಗೆ ಕೊಡಲು ಕೈಯಲ್ಲಿ ಕಾಸಿರುವುದಿಲ್ಲ. ನಾನು ಪುಣೆಯಲ್ಲಿ ಸಣ್ಣ ಆಹಾರ ಉದ್ದಿಮೆಗಳಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವವನು. ಯಂತ್ರದ ಪಟ್ಟಿ ಪಕ್ಕಾ ಇದ್ದು, ಈ ಸಿಕ್ಕಿಬೀಳುವ ದುಡ್ಡಿಗೆ ಒಂದೇ ಒಂದು ಸಾಲು ಬರೆದಿರುವ ರಿಪೋರ್ಟುಗಳು ಬಹಳ ಬರುತ್ತವೆ. ಅದಕ್ಕೇ ಈ ಬರಹದಲ್ಲಿ ಆ ಭಾಗವನ್ನೇ ಜಾಸ್ತಿ ಬಿಡಿಸಿದ್ದೇನೆ.

ಇಲ್ಲಿನ ದರಗಳು ಸಣ್ಣ ವೈನರಿಗೆ ನಾನು ಹಾಕುವ ಅಂದಾಜುಗಳು. ಜಾಗ, ವರ್ಷ, ಗುಣಮಟ್ಟ ನೋಡಿಕೊಂಡು ಏರಿಳಿತ ಇದ್ದೇ ಇರುತ್ತದೆ. ನೀವು ಕೊಟೇಶನ್ ತರಿಸಿ ಇದೇ ಚೌಕಟ್ಟಿನಲ್ಲಿ ನಿಮ್ಮ ಅಂಕಿ ತುಂಬಿಕೊಳ್ಳಿ.

ಮೊದಲ ಹೆಜ್ಜೆ: ವೈನರಿ ಕಟ್ಟಲೇಬೇಕಾ?

ಬೇಕಾಗಿಲ್ಲ. ನಾಸಿಕ್ ಭಾಗದಲ್ಲಿ ಕೆಲವು ವೈನರಿಗಳಲ್ಲಿ ಟ್ಯಾಂಕುಗಳು ಖಾಲಿ ಇರುತ್ತವೆ. ನೀವು ದ್ರಾಕ್ಷಿ ಕೊಡಿ, ಲೀಟರಿಗೆ ಇಷ್ಟು ಅಂತ ಕೂಲಿ ಕೊಡಿ, ಅವರ ಲೈಸೆನ್ಸಿನಲ್ಲಿ ನಿಮ್ಮ ಬ್ರ್ಯಾಂಡಿನ ವೈನ್ ತಯಾರಾಗುತ್ತದೆ. ಇದಕ್ಕೆ ಇಬ್ಬರ ನಡುವೆ ಒಪ್ಪಂದ ಬೇಕು, ಅಬಕಾರಿ ಇಲಾಖೆಯ ಒಪ್ಪಿಗೆ ಬೇಕು, ಲೇಬಲ್ ನೋಂದಣಿ ಬೇಕು.

5 ಟನ್ ದ್ರಾಕ್ಷಿಯ ಲೆಕ್ಕ ನೋಡಿ. ಕಿಲೋಗೆ 50 ರೂ. ಹಿಡಿದರೆ ದ್ರಾಕ್ಷಿಗೆ ಎರಡೂವರೆ ಲಕ್ಷ. ಸುಮಾರು 4,200 ಬಾಟಲಿ ಸಿಗುತ್ತದೆ, ಅಂದರೆ 12 ಬಾಟಲಿಯ 350 ಕೇಸು. ಕೂಲಿ ಮತ್ತು ಟ್ಯಾಂಕ್ ಬಾಡಿಗೆ ಎರಡರಿಂದ ಎರಡೂವರೆ ಲಕ್ಷ. ಬಾಟಲಿ, ಮುಚ್ಚಳ, ಲೇಬಲ್, ಪೆಟ್ಟಿಗೆಗೆ 2.3 ಲಕ್ಷ. ಲೇಬಲ್ ವಿನ್ಯಾಸ, ನೋಂದಣಿ, ಸ್ಯಾಂಪಲ್, ಓಡಾಟ ಎಲ್ಲ ಸೇರಿ ಇನ್ನೊಂದು ಐದಾರು ಲಕ್ಷ. 12ರಿಂದ 15 ಲಕ್ಷದೊಳಗೆ ನಿಮ್ಮ ಹೆಸರಿನ ವೈನ್ ಅಂಗಡಿಯಲ್ಲಿ ಕೂತಿರುತ್ತದೆ.

ಇದರಲ್ಲಿ ಲಾಭ ಹೆಚ್ಚು ಉಳಿಯುವುದಿಲ್ಲ. ಆದರೆ 350 ಕೇಸು ಮಾರುವುದು ಎಷ್ಟು ಕಷ್ಟ ಅಂತ ಕೋಟಿ ಸುರಿಯುವ ಮೊದಲೇ ತಿಳಿಯುತ್ತದೆ. ನನ್ನನ್ನು ಕೇಳಿದರೆ ಹೊಸಬರು ಎರಡು ಸುಗ್ಗಿ ಹೀಗೇ ಮಾಡಬೇಕು. ಆಮೇಲೂ ಹುಮ್ಮಸ್ಸು ಉಳಿದಿದ್ದರೆ ಕಟ್ಟಡದ ಮಾತು.

ಎರಡನೇ ಹೆಜ್ಜೆ: ದ್ರಾಕ್ಷಿ ಎಲ್ಲಿಂದ?

ಊರಿಂದ ಬಂದ ಗೆಳೆಯನೊಬ್ಬ ಕೇಳಿದ್ದು ಹೀಗೆ: "ಅಣ್ಣಾ, ನಮ್ಮ ಥಾಮ್ಸನ್ ಹಣ್ಣು ಹಾಕಿದ್ರ ನಡೀತೈತಿಲ್ಲೋ? ಒಣದ್ರಾಕ್ಷಿಗೆ ರೇಟ್ ಬಿದ್ದೈತಿ." "ಇಲ್ಲ ತಮ್ಮಾ, ಅದು ತಿನ್ನೋ ಹಣ್ಣು" ಅಂದೆ.

ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ಇವೆಲ್ಲ ತಿನ್ನಲು, ಒಣಗಿಸಲು ಬೆಳೆಸಿದ ತಳಿಗಳು. ವೈನ್ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ಬೀಜ ಇರುತ್ತದೆ, ಹುಳಿಯೂ ಸಿಹಿಯೂ ಎರಡೂ ಬಲವಾಗಿರುತ್ತವೆ. ಕೆಂಪು ವೈನಿನ ಬಣ್ಣ, ಒಗರು ಎರಡೂ ಸಿಪ್ಪೆಯಿಂದಲೇ ಬರಬೇಕು. ಮಹಾರಾಷ್ಟ್ರದಲ್ಲಿ ಚೆನ್ನಾಗಿ ನೆಲೆಯೂರಿದ ತಳಿಗಳು ಅಂದರೆ ಬಿಳಿಯಲ್ಲಿ ಶೆನಿನ್ ಬ್ಲಾಂಕ್, ಸಾವಿನ್ಯೋನ್ ಬ್ಲಾಂಕ್. ಕೆಂಪಿನಲ್ಲಿ ಶಿರಾಜ್, ಕ್ಯಾಬರ್ನೆ ಸಾವಿನ್ಯೋನ್. ಸಾಂಜೊವೇಸೆ ಎಂಬ ಇಟಲಿಯ ತಳಿಯನ್ನು ಅಕಲೂಜ್ ಕಡೆ ಫ್ರಾಟೆಲ್ಲಿ ವೈನರಿಯವರು ಬೆಳೆಸಿ ತೋರಿಸಿದ್ದಾರೆ.

ತೋಟ ನೀವೇ ಹಾಕುವುದಾದರೆ ಎಕರೆಗೆ 4ರಿಂದ 6 ಲಕ್ಷ ಇಟ್ಟುಕೊಳ್ಳಿ. ಕಸಿ ಗಿಡ, ಕಂಬ, ತಂತಿ, ಡ್ರಿಪ್ ಎಲ್ಲ ಇದರಲ್ಲಿ ಬರುತ್ತದೆ. 8 ಅಡಿಗೆ 4 ಅಡಿ ಅಂತರ ಬಿಟ್ಟರೆ ಎಕರೆಗೆ ಸುಮಾರು 1,360 ಗಿಡ. ವೈನ್ ಮಾಡುವಂಥ ಫಸಲು ಕೈಗೆ ಸಿಗಲು ಎರಡು ಮೂರು ವರ್ಷ ಕಾಯಬೇಕು. ನಮ್ಮ ಕಡೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು: ಏಪ್ರಿಲ್‌ನಲ್ಲಿ ಒಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿನ ಚಾಟ್ನಿ. ಕೊಯ್ಲು ಜನವರಿಯಿಂದ ಮಾರ್ಚ್. ನಡುವೆ ನವೆಂಬರ್‌ನಲ್ಲಿ ಅಕಾಲ ಮಳೆ ಬಿದ್ದರೆ ಡೌನಿ ಎಂಬ ಬೂಜು ರೋಗದ ಔಷಧಿಗೇ ಸಾವಿರಾರು ರೂಪಾಯಿ ಹೋಗುತ್ತದೆ.

ಗುಣಮಟ್ಟ ಬೇಕಾದರೆ ಎಕರೆಗೆ 4ರಿಂದ 5 ಟನ್ ಸಾಕು. ಇಳುವರಿ ಜಾಸ್ತಿ ತೆಗೆದಷ್ಟೂ ವೈನ್ ಸಪ್ಪೆಯಾಗುತ್ತದೆ. ತಿನ್ನುವ ದ್ರಾಕ್ಷಿ ಬೆಳೆದು ಅಭ್ಯಾಸವಾದ ರೈತರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ತೂಕಕ್ಕಷ್ಟೇ ರೇಟು ಕಟ್ಟಿದರೆ ಅವರು ತೂಕವನ್ನೇ ಬೆಳೆಯುತ್ತಾರೆ. ಅದಕ್ಕೆ ಒಪ್ಪಂದದಲ್ಲೇ ಬ್ರಿಕ್ಸ್, ಅಂದರೆ ಸಕ್ಕರೆ ಅಂಶ ನೋಡಿ ದರ ನಿಗದಿ ಮಾಡಿ. 22ರಿಂದ 24 ಬ್ರಿಕ್ಸ್ ಬಂದರೆ ಪೂರ್ತಿ ರೇಟು, ಕಡಿಮೆಯಾದರೆ ಕಡಿತ, ಅಂತ ಮರಾಠಿಯಲ್ಲೇ ಬರೆದು ಸಹಿ ಹಾಕಿಸಿ.

ಪುಣೆಯವರಿಗೆ ಒಂದು ಅನುಕೂಲ ಇದೆ. ಸೋಲಾಪುರ ರಸ್ತೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ, 1997ರಲ್ಲಿ ಶುರುವಾದದ್ದು. ತಳಿ, ಬೇರುಗಿಡ, ರೋಗ ಯಾವುದರ ಬಗ್ಗೆ ಕೇಳುವುದಿದ್ದರೂ ಖಾಸಗಿ ಸಲಹೆಗಾರರ ಹತ್ತಿರ ಹೋಗುವ ಮೊದಲು ಅಲ್ಲಿಗೆ ಹೋಗಿ ಬನ್ನಿ.

ಮೂರನೇ ಹೆಜ್ಜೆ: ಜಾಗ ಮತ್ತು ಕಟ್ಟಡ

ಮಹಾರಾಷ್ಟ್ರದಲ್ಲಿ ಕೃಷಿ ಜಮೀನು ಕೊಳ್ಳಲು ನೀವು ಕೃಷಿಕರಾಗಿರಬೇಕು. ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ಈ ಕಟ್ಟು ಸಡಿಲವಾಯಿತು, ಇಲ್ಲಿ ಹಾಗಿಲ್ಲ. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ಸಾತ್‌ಬಾರಾ ಉತಾರೆಯನ್ನು, ಅಂದರೆ ಇಲ್ಲಿನ ಪಹಣಿಯನ್ನು ವಕೀಲರಿಗೆ ತೋರಿಸಿ. ಕಟ್ಟಡ ಏಳುವ ಜಾಗಕ್ಕೆ ಎನ್‌ಎ, ಅಂದರೆ ಕೃಷಿಯೇತರ ಬಳಕೆಯ ಅನುಮತಿ ಬೇಕಾ ಅಂತಲೂ ಅವರನ್ನೇ ಕೇಳಿ. ಈ ತಲೆನೋವು ಬೇಡ ಅನ್ನುವವರು ಎಂಐಡಿಸಿ, ಅಂದರೆ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ಲಾಟ್ ನೋಡುತ್ತಾರೆ. ನಾಸಿಕ್ ಜಿಲ್ಲೆಯ ವಿಂಚೂರ್ ಮತ್ತು ಸಾಂಗ್ಲಿ ಜಿಲ್ಲೆಯ ಪಲೂಸ್‌ನಲ್ಲಿ ವೈನ್ ಪಾರ್ಕ್‌ಗಳೇ ಇವೆ.

ಆದರೆ ಕೈಗಾರಿಕಾ ಪ್ಲಾಟಿಗೆ ನೋಡಲು ಬರುವವರು ಕಡಿಮೆ. ವೈನರಿಗೆ ಜನ ಬರುವುದೇ ತೋಟ, ಬೆಟ್ಟ, ಸಂಜೆಯ ಗಾಳಿಗೆ. ಮುಂದೆ ಮಾರಾಟದ ಲೆಕ್ಕ ನೋಡಿದಾಗ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತದೆ. ಪುಣೆಯಿಂದ ಎರಡು ಗಂಟೆಯೊಳಗೆ ತಲುಪುವ ಜಾಗ ಸಿಕ್ಕರೆ, ಜುನ್ನರ್-ನಾರಾಯಣಗಾಂವ್ ಕಡೆಯಾಗಲಿ ಬಾರಾಮತಿ ಕಡೆಯಾಗಲಿ, ಸ್ವಲ್ಪ ದುಬಾರಿಯಾದರೂ ಯೋಚಿಸಬಹುದು.

50 ಟನ್ ಸಾಮರ್ಥ್ಯದ ವೈನರಿಗೆ 6,000 ಚದರಡಿ ಕಟ್ಟಡ ಸಾಕು. ಶಾಖ ತಡೆಯುವ ಛಾವಣಿ, ಗೋಡೆ ಹಾಕಿ ಚದರಡಿಗೆ 1,800 ರೂ. ಹಿಡಿದರೆ 1.08 ಕೋಟಿ. ನೆಲ ಹಾಕುವಾಗ ಕಂಜೂಸಿ ಮಾಡಬೇಡಿ. ಸುಗ್ಗಿಯಲ್ಲಿ ನೆಲದ ಮೇಲೆ ದಿನವಿಡೀ ನೀರು, ಹುಳಿ ರಸ ಹರಿಯುತ್ತದೆ. ಸರಿಯಾದ ಇಳಿಜಾರು, ಹುಳಿ ತಡೆಯುವ ಲೇಪ ಇಲ್ಲದಿದ್ದರೆ ಕಾಂಕ್ರೀಟ್ ಎರಡೇ ವರ್ಷದಲ್ಲಿ ಎದ್ದು ಬರುತ್ತದೆ, ಅದರ ಸಂದಿಯಲ್ಲಿ ಬೂಜು ಕೂರುತ್ತದೆ.

ನಾಲ್ಕನೇ ಹೆಜ್ಜೆ: ಯಂತ್ರಗಳು

ಸುಗ್ಗಿಯ ಬೆಳಗ್ಗೆ ಒಂದು ಸಲ ವೈನರಿಯಲ್ಲಿ ನಿಂತು ನೋಡಿದರೆ ಯಾವ ಯಂತ್ರ ಯಾಕೆ ಬೇಕು ಅಂತ ತಾನಾಗಿ ತಿಳಿಯುತ್ತದೆ. ಬಿಸಿಲೇರುವ ಮೊದಲೇ ಟೆಂಪೋ ಬರುತ್ತದೆ. ಹಣ್ಣು ಜಜ್ಜಿಹೋಗದಂತೆ ಸಣ್ಣ ಕ್ರೇಟುಗಳಲ್ಲಿ ತುಂಬಿರುತ್ತಾರೆ. ಒಬ್ಬರು ನಾಲ್ಕು ಹಣ್ಣು ಹಿಸುಕಿ, ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ರಸ ಬಿಟ್ಟು ಬೆಳಕಿಗೆ ಹಿಡಿದು ನೋಡುತ್ತಾರೆ. ರೈತರ ಕಣ್ಣು ಅವರ ಮುಖದ ಮೇಲೇ ಇರುತ್ತದೆ. ಗೊಂಚಲು ಮೆಷಿನ್ನಿಗೆ ಬಿದ್ದರೆ ಒಂದು ಬದಿಯಿಂದ ಹಸಿರು ತೊಟ್ಟುಗಳು ಹೊರಬೀಳುತ್ತವೆ, ಕೆಳಗಿಂದ ಒಡೆದ ಹಣ್ಣು ಪಂಪಿಗೆ ಹೋಗುತ್ತದೆ. ಬಿಳಿ ವೈನಿಗೆ ಆಗಲೇ ಹಿಂಡಿ ರಸ ಬೇರೆ ಮಾಡುತ್ತಾರೆ. ಕೆಂಪಿಗೆ ಸಿಪ್ಪೆಸಮೇತ ಟ್ಯಾಂಕಿಗೆ. ಪಕ್ಕದಲ್ಲಿ ಒಬ್ಬರು ಪೈಪ್ ಹಿಡಿದು ತೊಳೆಯುತ್ತಲೇ ಇರುತ್ತಾರೆ. ವೈನರಿ ಕೆಲಸದಲ್ಲಿ ಅರ್ಧಕ್ಕರ್ಧ ತೊಳೆಯುವ ಕೆಲಸವೇ.

ಒಂದು ಟನ್ ದ್ರಾಕ್ಷಿಗೆ 600ರಿಂದ 700 ಲೀಟರ್ ವೈನ್ ಬರುತ್ತದೆ. 50 ಟನ್ನಿಗೆ 650ರಂತೆ 32,500 ಲೀಟರ್. ಗಸಿ ತೆಗೆಯುವಾಗ, ಸೋಸುವಾಗ ಸ್ವಲ್ಪ ಭಾಗ ಹೋಗಿ 31,500 ಲೀಟರ್ ಉಳಿಯುತ್ತದೆ ಅಂತಿಟ್ಟುಕೊಳ್ಳಿ. 42,000 ಬಾಟಲಿ, 3,500 ಕೇಸು.

ಟ್ಯಾಂಕ್ ಮಾತ್ರ 32,500 ಲೀಟರಿನದ್ದು ಸಾಲದು. ಕೆಂಪು ವೈನ್ ಹುದುಗೇಳುವಾಗ ಸಿಪ್ಪೆ ಮೇಲೆ ಉಬ್ಬಿ ಬರುತ್ತದೆ, ಅದಕ್ಕೆ ಖಾಲಿ ಜಾಗ ಬಿಡಬೇಕು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ವರ್ಗಾಯಿಸಲು ಖಾಲಿ ಟ್ಯಾಂಕ್ ಬೇಕು. 45,000 ಲೀಟರ್ ಬೇಕೇ ಬೇಕು. ಕೂಲಿಂಗ್ ಜಾಕೆಟ್ ಇರುವ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿಗೆ ಲೀಟರಿಗೆ 160 ರೂ. ಅಂದರೆ 72 ಲಕ್ಷ. ನಮ್ಮಲ್ಲೇ ತಯಾರಾಗುತ್ತವೆ, ಆಮದು ಬೇಡ. ಎರಡು ದೊಡ್ಡ ಟ್ಯಾಂಕಿಗಿಂತ ಬೇರೆ ಬೇರೆ ಅಳತೆಯ ಎಂಟು ಹತ್ತು ಟ್ಯಾಂಕುಗಳೇ ಒಳ್ಳೆಯದು. ಅರ್ಧ ತುಂಬಿದ ಟ್ಯಾಂಕಿನಲ್ಲಿ ಗಾಳಿ ತಗುಲಿ ವೈನ್ ಕೆಡುತ್ತದೆ.

ತಂಪು ಮಾಡುವ ಚಿಲ್ಲರ್ ಮತ್ತು ಪೈಪಿಂಗ್‌ಗೆ 17 ಲಕ್ಷ. ಬಿಳಿ ವೈನ್ 12ರಿಂದ 16 ಡಿಗ್ರಿಯಲ್ಲಿ ಹುದುಗೇಳಬೇಕು. ಫೆಬ್ರವರಿ ಮಧ್ಯಾಹ್ನ ಹೊರಗೆ 30 ದಾಟಿರುತ್ತದೆ. ಚಿಲ್ಲರ್ ಕೈಕೊಟ್ಟರೆ ವರ್ಷದ ದುಡಿಮೆಯೇ ಹೋಯಿತು. ಹಾಗಾಗಿ ಜನರೇಟರ್ ಬಿಟ್ಟು ಯೋಜನೆ ಮಾಡಬೇಡಿ. ಟ್ರಾನ್ಸ್‌ಫಾರ್ಮರ್, ಜನರೇಟರ್, ಬೋರ್‌ವೆಲ್, ನೀರಿನ ಶುದ್ಧೀಕರಣ ಎಲ್ಲ ಸೇರಿ 20 ಲಕ್ಷ.

ತೊಟ್ಟು ಬಿಡಿಸುವ ಯಂತ್ರ, ಪಂಪು, ಗಾಳಿ ಒತ್ತಡದಿಂದ ಹಿಂಡುವ ಪ್ರೆಸ್ ಮೂರಕ್ಕೆ 35 ಲಕ್ಷ. ಪ್ರೆಸ್ ಬಹುತೇಕ ಇಟಲಿ ಅಥವಾ ಫ್ರಾನ್ಸಿನಿಂದ ಬರುತ್ತದೆ. ಫಿಲ್ಟರ್, ಹೋಸ್ ಇತ್ಯಾದಿ 12 ಲಕ್ಷ. ಅರೆ-ಸ್ವಯಂಚಾಲಿತ ಬಾಟ್ಲಿಂಗ್ ಮತ್ತು ಲೇಬಲ್ ಯಂತ್ರ 18. ಲ್ಯಾಬ್ 5. ತ್ಯಾಜ್ಯ ನೀರು ಶುದ್ಧೀಕರಿಸುವ ಘಟಕ 12. ಪರವಾನಗಿ, ನಕ್ಷೆ, ಸಲಹೆಗಾರರಿಗೆ 10. ವೈನ್ ಮಾಗಿಸಲು ಓಕ್ ಮರದ 20 ಪೀಪಾಯಿ ಬೇಕಾದರೆ ಇನ್ನೊಂದು 20 ಲಕ್ಷ. ಫ್ರಾನ್ಸಿನ 225 ಲೀಟರ್ ಪೀಪಾಯಿ ಸಾಗಣೆ, ಸುಂಕ ಸೇರಿ ಲಕ್ಷದ ಹತ್ತಿರ ಬರುತ್ತದೆ, ಮೂರ್ನಾಲ್ಕು ವರ್ಷ ಬಳಸಿದ ಮೇಲೆ ಓಕ್‌ನ ಪರಿಮಳ ಬಿಡುವುದಿಲ್ಲ. ಮೊದಲ ವರ್ಷಕ್ಕೆ ಹತ್ತೇ ಸಾಕು ಅಂತ ನನ್ನ ಅಭಿಪ್ರಾಯ, ಆದರೂ ಲೆಕ್ಕದಲ್ಲಿ 20 ಹಿಡಿದಿದ್ದೇನೆ.

ಕಟ್ಟಡ ಸೇರಿ ಎಲ್ಲ ಕೂಡಿಸಿದರೆ 3.29 ಕೋಟಿ. ಅನಿರೀಕ್ಷಿತ ಖರ್ಚಿಗೆ ಶೇ 10 ಸೇರಿಸಿ 3.62 ಕೋಟಿ. ಜಮೀನು ಇದರಲ್ಲಿ ಇಲ್ಲ.

ಐದನೇ ಹೆಜ್ಜೆ: ಪರವಾನಗಿ, ತೆರಿಗೆ

ಮಹಾರಾಷ್ಟ್ರದಲ್ಲಿ ವೈನ್ ತಯಾರಿಕೆ 1949ರ ಮದ್ಯಪಾನ ನಿಷೇಧ ಕಾಯ್ದೆಯ ಕೆಳಗೆ ಬರುತ್ತದೆ. ಲೈಸೆನ್ಸ್ ಕೊಡುವುದು ರಾಜ್ಯ ಅಬಕಾರಿ ಇಲಾಖೆ. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಎರಡು ಒಪ್ಪಿಗೆ ಬೇಕು: ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಒಂದು. ವೈನರಿಯ ತ್ಯಾಜ್ಯ ನೀರು ಹುಳಿ, ಅದರಲ್ಲಿ ಸಕ್ಕರೆ, ಯೀಸ್ಟ್ ತುಂಬಿರುತ್ತದೆ. ಹಾಗೇ ಹಳ್ಳಕ್ಕೆ ಬಿಟ್ಟರೆ ಊರಿನ ನೀರು ಕೆಡುತ್ತದೆ. ಹಿಂಡಿದ ಹಿಪ್ಪೆಯನ್ನು ಗೊಬ್ಬರ ಮಾಡಿ ತೋಟಕ್ಕೇ ಹಾಕಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸ್ ಬೇಕು. 2018ರ ಮದ್ಯ ಪಾನೀಯಗಳ ನಿಯಮದ ಪ್ರಕಾರ ಲೇಬಲ್ ಮೇಲೆ ಎಚ್ಚರಿಕೆ ಸಾಲು ಕಡ್ಡಾಯ.

ತೆರಿಗೆಯಲ್ಲಿ ಎರಡು ವಿಷಯ ಗಟ್ಟಿಯಾಗಿ ತಿಳಿದಿರಬೇಕು.

ಮೊದಲನೆಯದು ಜಿಎಸ್‌ಟಿ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಕೇಳಲು ಸಿಹಿಯಾಗಿದೆ, ಆದರೆ ಬಾಟಲಿ, ಟ್ಯಾಂಕ್, ಪ್ರೆಸ್, ಲೇಬಲ್, ಸಲಹೆಗಾರರ ಫೀಸು ಎಲ್ಲದರ ಮೇಲೂ ನೀವು ಜಿಎಸ್‌ಟಿ ಕಟ್ಟುತ್ತೀರಿ. ಬಿಸ್ಕತ್ತು ಫ್ಯಾಕ್ಟರಿಯವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಂಡ ಮಾಲಿಗೆ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಅವಕಾಶ ಸಿಗುತ್ತದೆ, ನಿಮಗೆ ಸಿಗುವುದಿಲ್ಲ. ಕೊಟೇಶನ್‌ನಲ್ಲಿ "ತೆರಿಗೆ ಪ್ರತ್ಯೇಕ" ಅಂತ ಕಂಡರೆ ಆ ತೆರಿಗೆಯನ್ನೂ ನಿಮ್ಮ ಖರ್ಚಿಗೇ ಸೇರಿಸಿ. ಮೇಲಿನ ನನ್ನ ಅಂಕಿಗಳು ತೆರಿಗೆ ಸೇರಿದವು.

ಎರಡನೆಯದು ವ್ಯಾಟ್, ಅಂದರೆ ರಾಜ್ಯದ ಮಾರಾಟ ತೆರಿಗೆ. ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ವೈನ್‌ಗೆ ಅಬಕಾರಿ ಸುಂಕ ಮನ್ನಾ ಮಾಡಿತು. ಈ ರಾಜ್ಯದಲ್ಲಿ ವೈನರಿಗಳು ಹೆಚ್ಚಾಗಲು ಅದೂ ಒಂದು ಕಾರಣ. ವೈನ್ ಮೇಲೆ ವ್ಯಾಟ್ ಶೇ 20. ಪ್ರೋತ್ಸಾಹ ಯೋಜನೆಯಲ್ಲಿ ಆ ಇಪ್ಪತ್ತರಲ್ಲಿ ಹದಿನಾರು ಪಾಲು ವೈನರಿಗೆ ವಾಪಸ್ ಬರುತ್ತದೆ. ಒಳ್ಳೆಯ ಯೋಜನೆ. ಆದರೆ ಮೊದಲು ಕಟ್ಟಬೇಕು, ಆಮೇಲೆ ಅರ್ಜಿ, ಆಮೇಲೆ ಕಾಯುವುದು. ತಿಂಗಳ ಸಂಬಳಕ್ಕೆ ಆ ದುಡ್ಡನ್ನು ನಂಬಬೇಡಿ. ನನ್ನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ. ವಿಜಯಪುರದಿಂದ ದ್ರಾಕ್ಷಿ ತರುವ ಯೋಚನೆ ಇದ್ದರೆ ಹೊರ ರಾಜ್ಯದ ಹಣ್ಣಿನ ಬಗ್ಗೆ ಯೋಜನೆಯ ಷರತ್ತು ಏನಿದೆ ಅಂತ ಅಬಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.

"ಇಲ್ಲಿ ಮಾಡಿ ಬೆಂಗಳೂರಲ್ಲಿ ಮಾರೋಣ" ಅನ್ನುವವರಿಗೆ ಒಂದು ಮಾತು. ಒಂದೊಂದು ರಾಜ್ಯಕ್ಕೂ ಬೇರೆ ಲೇಬಲ್ ನೋಂದಣಿ, ಬೇರೆ ಶುಲ್ಕ, ಬೇರೆ ಸುಂಕ. ಕರ್ನಾಟಕದಲ್ಲಿ ಮದ್ಯವೆಲ್ಲ ಸರ್ಕಾರಿ ಪಾನೀಯ ನಿಗಮದ ಮೂಲಕವೇ ಅಂಗಡಿಗೆ ಹೋಗಬೇಕು. ಊರ ಕಡೆ ತೋಟ ಇರುವವರು ಕರ್ನಾಟಕದ 2007ರ ವೈನ್ ನೀತಿಯನ್ನೂ ವೈನ್ ಮಂಡಳಿಯ ಸೌಲಭ್ಯಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ವೈನರಿ ಅಲ್ಲೇ ಹಾಕುವುದು ಲೇಸಾಗಬಹುದು.

ಆರನೇ ಹೆಜ್ಜೆ: ಸಿಕ್ಕಿಬೀಳುವ ದುಡ್ಡು

ಇಲ್ಲಿ ನಿಧಾನವಾಗಿ ಓದಿ. ಒಂದು ವರ್ಷ ವೈನರಿ ನಡೆಸುವ ಖರ್ಚು ಇದು.

ದ್ರಾಕ್ಷಿ 25 ಲಕ್ಷ. ಯೀಸ್ಟ್, ಎಂಜೈಮ್, ಗಂಧಕದ ಪುಡಿ, ಫಿಲ್ಟರ್ ಹಾಳೆ ಮೂರೂವರೆ ಲಕ್ಷ. ಬಾಟಲಿ, ಮುಚ್ಚಳ, ಲೇಬಲ್, ಪೆಟ್ಟಿಗೆಗೆ ಬಾಟಲಿಗೆ 55 ರೂ.ನಂತೆ 23 ಲಕ್ಷ. ನೋಡಿ, ಒಳಗಿರುವ ದ್ರಾಕ್ಷಿಗೆ ಬಾಟಲಿಗೆ 60 ರೂ., ಹೊರಗಿನ ಗಾಜು-ಕಾಗದಕ್ಕೆ 55 ರೂ. ಭಾರವಾದ ಬಾಟಲಿ, ಪೋರ್ಚುಗಲ್ ಕಾರ್ಕ್ ಅಂತ ಹೋದರೆ ಹೊರಗಿನದ್ದೇ ದುಬಾರಿಯಾಗುತ್ತದೆ. ತಿರುಗಿಸುವ ಮುಚ್ಚಳ ಹಾಕಿ. ನಮ್ಮ ಬಿಸಿಲಿಗೆ, ನಮ್ಮ ಅಂಗಡಿಗಳಲ್ಲಿ ಬಾಟಲಿ ನಿಲ್ಲಿಸಿಡುವ ರೀತಿಗೆ ಅದೇ ಸರಿ.

ಸಂಬಳ 36 ಲಕ್ಷ. ಇದರಲ್ಲಿ ವೈನ್‌ಮೇಕರ್‌ಗೆ 12. ಅಲ್ಲಿ ಕಡಿಮೆ ಮಾಡಲು ಹೋಗಬೇಡಿ, ಒಂದು ಟ್ಯಾಂಕ್ ಕೆಟ್ಟರೆ ಅವರ ಅರ್ಧ ವರ್ಷದ ಸಂಬಳ ಚರಂಡಿಗೆ ಹೋಗುತ್ತದೆ. ಉಳಿದದ್ದು ಟ್ಯಾಂಕ್-ಪೀಪಾಯಿ ನೋಡಿಕೊಳ್ಳುವ ಕೆಲಸಗಾರರು, ಲ್ಯಾಬ್, ಅಬಕಾರಿ ಲೆಕ್ಕ ಬರೆಯುವವರು, ಸುಗ್ಗಿಯ ದಿನಗೂಲಿ. ಕರೆಂಟು, ಡೀಸೆಲ್ 8. ರಿಪೇರಿ, ವಿಮೆ 6. ಮಾರಾಟದವರ ಸಂಬಳ, ಲೇಬಲ್ ನೋಂದಣಿ, ಸ್ಯಾಂಪಲ್, ಓಡಾಟ 25. ಎರಡು ಕೋಟಿ ಸಾಲಕ್ಕೆ ಶೇ 11ರಂತೆ ಬಡ್ಡಿ 22. ಒಟ್ಟು 148.5 ಲಕ್ಷ.

ಈಗ ತಿಂಗಳುಗಳನ್ನು ನೋಡಿ. ಫೆಬ್ರವರಿಯಲ್ಲಿ ದ್ರಾಕ್ಷಿ ಬಂತು. ಬಿಳಿ ವೈನ್ ಬಾಟಲಿಗೆ ಬರಲು ಬೇಗ ಅಂದರೂ ಜೂನ್-ಜುಲೈ. ಆಗ ಮಳೆಗಾಲ. ಮಾರಾಟ ಏರುವುದು ದೀಪಾವಳಿಯಿಂದ ಹೊಸ ವರ್ಷದವರೆಗೆ. ಅಂಗಡಿಗೆ ಕೊಟ್ಟ ಮಾಲಿನ ದುಡ್ಡು ಕೈಗೆ ಬರಲು ಎರಡು ಮೂರು ತಿಂಗಳು. ಕೆಂಪು ವೈನ್ ಓಕ್‌ನಲ್ಲಿದ್ದರೆ ಅದು ಇನ್ನೂ ಬಾಟಲಿಯನ್ನೇ ಕಂಡಿರುವುದಿಲ್ಲ. ಅಷ್ಟರಲ್ಲಿ ಮತ್ತೆ ಫೆಬ್ರವರಿ. ಮತ್ತೆ 28.5 ಲಕ್ಷ ದ್ರಾಕ್ಷಿಗೆ, ಯೀಸ್ಟಿಗೆ.

ಅಂದರೆ ಎರಡನೇ ಸುಗ್ಗಿ ಮುಗಿಯುವ ಹೊತ್ತಿಗೆ 1.77 ಕೋಟಿ ಹೊರಗೆ ಹೋಗಿದೆ. ಮೊದಲ ವರ್ಷ ಮೂರರಲ್ಲಿ ಒಂದು ಭಾಗ ಮಾರಿದರೂ ಅದೇ ದೊಡ್ಡದು. ಬಾಕಿ ಕಳೆದು ಕೈಗೆ ಬಂದದ್ದು 35 ಲಕ್ಷ ಅಂತಿಟ್ಟುಕೊಳ್ಳಿ. ನಿಮ್ಮ ಜೇಬಿನಿಂದ ಬೇಕಾದದ್ದು 1.42 ಕೋಟಿ. ಕಟ್ಟಡ-ಯಂತ್ರದ 3.62 ಕೋಟಿ ಸೇರಿಸಿ. ಜಮೀನು ಬಿಟ್ಟು 5 ಕೋಟಿ. "ಮೂರೂವರೆ ಕೋಟಿಗೆ ಆಗುತ್ತದೆ" ಅಂತ ಯಾರಾದರೂ ಹೇಳಿದರೆ ಅವರು ಮೊದಲ ಬಾಟಲಿ ಮಾರುವವರೆಗಿನ ಲೆಕ್ಕ ಹೇಳಿಲ್ಲ ಅಂತಲೇ ಅರ್ಥ.

ಈ ಒತ್ತಡ ಇಳಿಸಲು ನನಗೆ ತಿಳಿದ ಒಳ್ಳೆಯ ದಾರಿ, ಮೊದಲ ಸುಗ್ಗಿಯಲ್ಲಿ ಬಿಳಿ ಮತ್ತು ರೋಸೆ, ಅಂದರೆ ನಸುಗೆಂಪು ವೈನ್ ಜಾಸ್ತಿ ಮಾಡುವುದು. ಶೆನಿನ್ ಬ್ಲಾಂಕ್, ಶಿರಾಜ್‌ನ ರೋಸೆ ಆರೇಳು ತಿಂಗಳಲ್ಲಿ ದುಡ್ಡಾಗುತ್ತವೆ. ಓಕ್ ಕೆಂಪು ಸ್ವಲ್ಪವೇ ಇರಲಿ. ಹೊಸಬರಿಗೆ ಓಕ್ ಕೆಂಪಿನ ಮೇಲೇ ಆಸೆ ಜಾಸ್ತಿ, ಅದು ನನಗೂ ಅರ್ಥವಾಗುತ್ತದೆ. ಆದರೆ ಅದು ಎರಡನೇ ವರ್ಷದ ವೈನ್.

ಏಳನೇ ಹೆಜ್ಜೆ: ಒಂದು ಬಾಟಲಿಯಲ್ಲಿ ಏನು ಉಳಿಯುತ್ತದೆ?

ಎಂಆರ್‌ಪಿ 800 ರೂ. ಅಂತಿಟ್ಟುಕೊಳ್ಳಿ. ಅದರಲ್ಲಿ ವ್ಯಾಟ್ ಕಳೆದರೆ 667. ಅಂಗಡಿಯವರ ಪಾಲು, ಡಿಸ್ಟ್ರಿಬ್ಯೂಟರ್ ಪಾಲು, ಹಬ್ಬದ ಸ್ಕೀಮು, ಸಾಗಣೆ ಎಲ್ಲ ಹೋಗಿ ನಿಮಗೆ 375ರ ಸುಮಾರು. 42,000 ಬಾಟಲಿಯೂ ಮಾರಿಹೋದರೆ 157.5 ಲಕ್ಷ. ಖರ್ಚು 148.5. ಉಳಿದದ್ದು 9 ಲಕ್ಷ. ಎರಡು ಕೋಟಿ ಸಾಲವನ್ನು ಏಳು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಅಸಲೇ 28 ಲಕ್ಷಕ್ಕಿಂತ ಜಾಸ್ತಿ.

ಸಾಲುವುದಿಲ್ಲ, ಅಲ್ವಾ? ಅಂಗಡಿಯೊಂದನ್ನೇ ನಂಬಿದ ಸಣ್ಣ ವೈನರಿಯ ಕಥೆ ಇದೇ.

ಈಗ ಅದೇ ಬಾಟಲಿಯನ್ನು ನಿಮ್ಮ ವೈನರಿ ಬಾಗಿಲಲ್ಲೇ, ಟೇಸ್ಟಿಂಗ್ ರೂಮಿನಲ್ಲಿ ಮಾರಿ. ವ್ಯಾಟ್ ಕಳೆದು 667, ಅಲ್ಲಿನ ಸಿಬ್ಬಂದಿ, ಗ್ಲಾಸು, ಸ್ಯಾಂಪಲ್ ಖರ್ಚು ಕಳೆದು 600. ಬಾಟಲಿಗೆ 225 ರೂ. ಜಾಸ್ತಿ. ನಾಲ್ಕರಲ್ಲಿ ಒಂದು ಬಾಟಲಿ ಹೀಗೆ ಮಾರಿದರೂ 10,500 ಬಾಟಲಿಗೆ 23.6 ಲಕ್ಷ ಹೆಚ್ಚುವರಿ. ಮೇಲಿನ 9 ಲಕ್ಷ ಸೇರಿದರೆ ಸಾಲದ ಕಂತು ಕಟ್ಟಬಹುದು. ಟೇಸ್ಟಿಂಗ್ ರೂಮಿಗೆ 25ರಿಂದ 30 ಲಕ್ಷ ಬೇಕಾಗುತ್ತದೆ. ಪ್ರೆಸ್ ಒಂದು ಅಳತೆ ಚಿಕ್ಕದು ಕೊಂಡಾದರೂ ಇದಕ್ಕೆ ದುಡ್ಡು ತೆಗೆದಿಡಿ ಅನ್ನುತ್ತೇನೆ. ನಾಸಿಕ್‌ನಲ್ಲಿ ಸುಲಾ ವೈನರಿಯವರು 2005ರಲ್ಲೇ ಟೇಸ್ಟಿಂಗ್ ರೂಮ್ ತೆರೆದಿದ್ದರು. ಇಂದು ಜನ ಅಲ್ಲಿಗೆ ಪ್ರವಾಸ ಹೋಗುವುದೇ ವೈನರಿ ನೋಡಲು.

ಇನ್ನೊಂದು ಕಾರಣವೂ ಇದೆ. ಟಿವಿಯಲ್ಲಿ ಮದ್ಯದ ಜಾಹೀರಾತು ಕೊಡುವಂತಿಲ್ಲ. ಹೊಸ ಹೆಸರು ಜನರಿಗೆ ತಲುಪುವುದು ಹೇಗೆ? ಬಂದು, ಕುಡಿದು, ರುಚಿ ನೋಡಿ, ನಾಲ್ಕು ಜನಕ್ಕೆ ಹೇಳಬೇಕು. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಂಪುಟ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಒಪ್ಪಿದಾಗ ಬಹಳ ಜನ ಆ ಭರವಸೆ ಮೇಲೆ ಲೆಕ್ಕ ಹಾಕಿದರು. ವಿರೋಧ ಬಂದು ಅದು ಅಲ್ಲೇ ನಿಂತಿತು. ಸರ್ಕಾರದ ಮುಂದಿನ ನಿರ್ಧಾರವನ್ನು ನಂಬಿ ಇಂದಿನ ಸಾಲ ಮಾಡಬೇಡಿ. ನಾರಾಯಣಗಾಂವ್‌ನ ಇಂಡೇಜ್ ಕಂಪನಿ ದೇಶದ ವೈನ್ ಉದ್ದಿಮೆಗೆ ದಾರಿ ತೋರಿಸಿದ್ದು. ವಿದೇಶದಲ್ಲೂ ಕಂಪನಿಗಳನ್ನು ಕೊಂಡು, ಸಾಲದ ಹೊರೆ ಹೊತ್ತು ಕೊನೆಗೆ ಮುಚ್ಚಿಹೋಯಿತು. ಅಷ್ಟು ಅನುಭವ ಇದ್ದವರಿಗೇ ಹಾಗಾದರೆ ನಮ್ಮಂಥ ಸಣ್ಣವರು ಇನ್ನೂ ಹುಷಾರಾಗಿರಬೇಕು.

ಎಂಟನೇ ಹೆಜ್ಜೆ: ಯಾವಾಗ ಶುರು?

ಸುಗ್ಗಿ ಯಾರಿಗೂ ಕಾಯುವುದಿಲ್ಲ. ಯಂತ್ರ ಮಾರ್ಚ್ ಕೊನೆಗೆ ಬಂದರೆ ಇಡೀ ವರ್ಷ ಬಡ್ಡಿ ಕಟ್ಟಿಕೊಂಡು ಸುಮ್ನೆ ಕೂರಬೇಕು. ಹಾಗಾಗಿ ಜನವರಿಯಿಂದ ಹಿಂದಕ್ಕೆ ಎಣಿಸಿ. ಡಿಸೆಂಬರ್‌ನಲ್ಲಿ ಟ್ಯಾಂಕಿಗೆ ನೀರು ತುಂಬಿ, ಚಿಲ್ಲರ್ ಹಾಕಿ, ಒಂದು ವಾರ ಪರೀಕ್ಷೆ ನಡೆಸಬೇಕು. ನವೆಂಬರ್ ಒಳಗೆ ಲೈಸೆನ್ಸ್ ಕೈಯಲ್ಲಿರಬೇಕು. ಅಕ್ಟೋಬರ್ ಚಾಟ್ನಿ ವೇಳೆಗೆ ರೈತರ ಜೊತೆ ಒಪ್ಪಂದ ಆಗಿರಬೇಕು, ಆಮೇಲೆ ಹೋದರೆ ಒಳ್ಳೆಯ ಹಣ್ಣು ಬೇರೆಯವರ ಪಾಲು. ಪ್ರೆಸ್ ಹಡಗಿನಲ್ಲಿ ಬರಬೇಕು, ಅದರ ಆರ್ಡರ್ ತಡವಾದರೂ ಮೇ ತಿಂಗಳಲ್ಲಿ ಹೋಗಲಿ. ಕಟ್ಟಡದ ಛಾವಣಿ ಮಳೆ ಶುರುವಾಗುವ ಮೊದಲೇ ಏರಬೇಕು. ಅಂದರೆ ಅಡಿಪಾಯ ಅದರ ಹಿಂದಿನ ಚಳಿಗಾಲದಲ್ಲಿ. ಜಾಗದ ಅನುಮತಿ, ಮಾಲಿನ್ಯ ಮಂಡಳಿಯ ಮೊದಲ ಒಪ್ಪಿಗೆ, ಬ್ಯಾಂಕ್ ಸಾಲ ಮೂರೂ ಅದಕ್ಕೂ ಮೊದಲು. ಜಾಗದ ಕಾಗದ ಕೈಗೆ ಬಂದ ದಿನದಿಂದ ಮೊದಲ ಕ್ರೇಟ್ ದ್ರಾಕ್ಷಿ ಬಾಗಿಲಿಗೆ ಬರುವವರೆಗೆ ಒಂದೂವರೆಯಿಂದ ಎರಡು ವರ್ಷ ಇಟ್ಟುಕೊಳ್ಳಿ. ಆ ಎರಡು ಸುಗ್ಗಿಯಲ್ಲಿ ಬೇರೆಯವರ ವೈನರಿಯಲ್ಲಿ ಕೂಲಿಗೆ ವೈನ್ ಮಾಡಿಸಿದರೆ, ನಿಮ್ಮ ಟ್ಯಾಂಕ್ ತುಂಬುವ ಹೊತ್ತಿಗೆ ನಿಮ್ಮ ಲೇಬಲ್ ಅಂಗಡಿಯವರಿಗೆ ಪರಿಚಯವಾಗಿರುತ್ತದೆ.